ರಾಮಾಂಜಿನಪ್ಪನ ರಬ್ಬರ್ ಮೀನುಗಳು

ತೂಬಿನಹಳ್ಳಿಯ ಕೆರೆ ಏರಿ ಮೇಲೆ ‘ಇಲ್ಲಿ ಮೀನು ಹಿಡಿಯುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ’ ಎಂಬ ಬೋರ್ಡು ಬರೆದವನು ರಾಮಾಂಜಿನಪ್ಪ. ಬರೆದದ್ದಷ್ಟೇ ಅಲ್ಲ, ಇಂಥದೊಂದು ಬೋರ್ಡು ಬೇಕೇಬೇಕೆಂದು ಕೆರೆ ಸಂರಕ್ಷಣಾ ಸಮಿತಿಯಲ್ಲಿ ಮೊದಲು ಮಾತೆತ್ತಿದವನೂ ಅವನೇ. ಸಮಿತಿಗೆ ಅವನು ಕಾರ್ಯದರ್ಶಿ. ಅಕ್ಷರ ದುಂಡಗಿತ್ತು, ಹೊತ್ತು ಬೇಕಾದಷ್ಟಿತ್ತು, ಮೇಲಾಗಿ ಮೀನು ತಿನ್ನುವವನಲ್ಲ. ಇಡೀ ಊರಿನಲ್ಲಿ ಈ ಮೂರೂ ಕೂಡಿಬಂದ ಗಂಡಸು ಇನ್ನೊಬ್ಬನಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಶಿವಗಂಗೆ ಬೆಟ್ಟ ಹತ್ತಿ ಇಳಿದ ದಿನದಿಂದ ಅವನು ಮೀನು, ಮಾಂಸ ಬಿಟ್ಟಿದ್ದ. ಬಿಟ್ಟದ್ದು ಅವನೊಬ್ಬನೇ. ಹೆಂಡತಿ ಭಾಗ್ಯಮ್ಮ, ಬೆಟ್ಟ ಹತ್ತಿದ್ದು ನೀವು, ನಾನು ಕೆಳಗೆ ಚಪ್ಪಲಿ ಕಾಯ್ತಾ ಕೂತಿದ್ದೆ ಎಂದು ಹೇಳಿ, ಹಿತ್ತಲಿನ ಒಲೆಯಲ್ಲಿ ತನ್ನ ಪಾಡಿಗೆ ತಾನು ಮೀನಿನ ಸಾರು ಮಾಡಿಕೊಳ್ಳುತ್ತಿದ್ದಳು. ಗಾಳಿ ಮನೆಯ ಕಡೆ ಬೀಸಿದ ದಿನ ರಾಮಾಂಜಿನಪ್ಪ ಕೆರೆ ಏರಿಯ ಮೇಲೆ ಹೋಗಿ ಕೂರುತ್ತಿದ್ದ. ಅವನಿಗೆ ಕೆರೆಯ ಮೇಲೆ ಪ್ರೀತಿ ಹುಟ್ಟಿದ್ದು ಹೀಗೆ.

ಅದಕ್ಕೂ ಮೊದಲು ಮೂವತ್ತನಾಲ್ಕು ವರ್ಷ ಅವನು ದೊಡ್ಡಬಳ್ಳಾಪುರದ ಒಂದು ಬಣ್ಣದ ಮನೆಯಲ್ಲಿ ರೇಷ್ಮೆ ನೂಲಿಗೆ ಬಣ್ಣ ಕಟ್ಟುವ ಮೇಸ್ತ್ರಿಯಾಗಿದ್ದ. ಸೇಟು ಒಂದು ಸೀರೆಯ ಸೆರಗಿನ ತುಂಡು ತಂದು ಮೇಜಿನ ಮೇಲಿಟ್ಟರೆ, ರಾಮಾಂಜಿನಪ್ಪ ಅದನ್ನು ಬಾಗಿಲಿಗೆ ಒಯ್ದು, ಬಿಸಿಲಿಗೆ ಹಿಡಿದು, ನೆರಳಿಗೆ ಹಿಡಿದು, ಹಬೆಯೇಳುವ ತೊಟ್ಟಿಗೆ ಚಿಟಿಕೆ ಚಿಟಿಕೆಯಾಗಿ ಪುಡಿ ಉದುರಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಹಿಂಡಿ ಹರಡಿದ ನೂಲಿನ ಲಡಿಗೂ ಆ ತುಂಡಿಗೂ ಕೂದಲಷ್ಟು ವ್ಯತ್ಯಾಸ ಇರುತ್ತಿರಲಿಲ್ಲ. ಈರುಳ್ಳಿ ಸಿಪ್ಪೆಯ ಬಣ್ಣದಲ್ಲಿ ಏಳು ಬಗೆ ಇದೆ ಎಂದು ಅವನು ಹೇಳುತ್ತಿದ್ದ. ಉಳಿದವರಿಗೆ ಎರಡು ಕಾಣುತ್ತಿದ್ದವು. ಹೊಗೆ, ಹಬೆ ಕುಡಿದು ಕೆಮ್ಮು ಹತ್ತಿದ ಮೇಲೆ ಕೆಲಸ ಬಿಟ್ಟ. ಕೈ ಸುಮ್ಮನಾಯಿತು. ಬಾಯಿ ಸುಮ್ಮನಾಗಲಿಲ್ಲ.

ಆ ಬಾಯಿಯೇ ಅವನನ್ನು ಸಿಕ್ಕಿಸಿದ್ದು.

ಮಗಳು ಚೈತ್ರಳನ್ನು ದೇವನಹಳ್ಳಿಗೆ ಕೊಟ್ಟಿತ್ತು. ಅಳಿಯ ಭಾನುಪ್ರಕಾಶ್‌ಗೆ ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ. ಹುಡುಗ ಒಳ್ಳೆಯವನೇ, ಗಾಳ ಹಾಕುವ ಹುಚ್ಚೊಂದು ಬಿಟ್ಟರೆ. ಎರೆಹುಳ ಸಿಕ್ಕಿಸಿ ಕೂರುವ ಗಾಳವಲ್ಲ ಅದು. ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಬೆರಳುದ್ದದ ಹುಸಿ ಮೀನನ್ನು ದಾರಕ್ಕೆ ಕಟ್ಟಿ, ದೂರಕ್ಕೆ ಎಸೆದು, ಬಾಲ ಅಲ್ಲಾಡಿಸುವ ಹಾಗೆ ಸುತ್ತಿ ಎಳೆಯುವುದು. ಅದನ್ನು ನಿಜವಾದ ಮರಿಯೆಂದು ತಿಳಿದು ಕೊರಮೀನು ನುಗ್ಗಿ ಬಂದು ಕಚ್ಚುತ್ತದೆ. ಅಳಿಯ ಅದಕ್ಕೆ ಲೂರ್ ಎನ್ನುತ್ತಿದ್ದ. ಭಾಗ್ಯಮ್ಮ ರಬ್ಬರ್ ಮೀನು ಎಂದಳು. ಮನೆಯಲ್ಲಿ ಅದೇ ಹೆಸರು ನಿಂತಿತು.

ಒಂದು ಭಾನುವಾರ ಭಾನುಪ್ರಕಾಶ್ ಬಾಡಿದ ಮುಖ ಹೊತ್ತು ಬಂದ. ಜಪಾನಿನಿಂದ ತರಿಸಿದ್ದ ರಬ್ಬರ್ ಮೀನುಗಳಲ್ಲಿ ಕೊನೆಯದು ಜೊಂಡಿಗೆ ಸಿಕ್ಕಿ ಬಾಲ ಹರಿದುಹೋಗಿತ್ತು. ಬಣ್ಣವಿಲ್ಲದ ಬಿಳೀ ಮೀನುಗಳು ಚೀಲಗಟ್ಟಲೆ ಅಗ್ಗಕ್ಕೆ ಸಿಗುತ್ತವೆ, ಆದರೆ ಈ ಬಣ್ಣ ಇಲ್ಲಿ ಯಾರ ಕೈಯಲ್ಲೂ ಆಗುವುದಿಲ್ಲ ಎಂದು ಚೈತ್ರಳ ಮುಂದೆ ಹೇಳಿಕೊಳ್ಳುತ್ತಿದ್ದ. ಮಾವನಿಗೆ ಹೇಳಿದ್ದಲ್ಲ. ಮಾವ ಪಕ್ಕದ ಕೋಣೆಯಲ್ಲಿ ಸಮಿತಿಯ ನಡಾವಳಿ ಬರೆಯುತ್ತಿದ್ದ. ಪೆನ್ನು ಕೆಳಗಿಟ್ಟು ಎದ್ದು ಬಂದ.

“ಯಾವ ಬಣ್ಣ ಆಗಲ್ಲ? ತಾ ಇಲ್ಲಿ” ಎಂದ.

ಹರಿದ ಮೀನನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದ. ಬೆನ್ನು ಪಾಚಿ ಹಸಿರು, ಪಕ್ಕೆಗೆ ಬರುವ ಹೊತ್ತಿಗೆ ತಾಮ್ರ, ಹೊಟ್ಟೆ ಮುತ್ತಿನ ಬಿಳಿ. ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತೋರಿಸಲಾಗದ ಹಾಗೆ ಕೂಡಿಸಿದ್ದರು. ರಾಮಾಂಜಿನಪ್ಪನಿಗೆ ಎಷ್ಟೋ ವರ್ಷದ ಮೇಲೆ ಸರೀಕ ಸಿಕ್ಕಂತಾಯಿತು. ಭೂಮಿಯ ಮೇಲೆ ತನ್ನ ಕೈಗೆ ಬಗ್ಗದ ಬಣ್ಣ ಇಲ್ಲವೆಂದು ಅಳಿಯನ ಮುಂದೆ ಹೇಳಿಬಿಟ್ಟ. ಬಿಳೀ ಮೀನುಗಳ ಚೀಲ ಮುಂದಿನ ವಾರವೇ ಬಂತು.

ಮೊದಲು ರೇಷ್ಮೆಯ ಬಣ್ಣ ಕುದಿಸಿ ಅದ್ದಿದ. ನೀರಿಗೆ ಹಾಕಿದೊಡನೆ ಬಣ್ಣವೆಲ್ಲ ಬಿಟ್ಟು ಮೀನು ಮತ್ತೆ ಬೆಳ್ಳಗೆ ನಕ್ಕಿತು. ಕೆರೆಯ ಬೋರ್ಡಿಗೆ ಬಳಸಿ ಉಳಿದಿದ್ದ ಪೇಂಟು ಹಚ್ಚಿದ. ಒಂದು ವಾರ ಕಳೆದರೂ ಅದು ಒಣಗದೆ ಬೆರಳಿಗೆ ಅಂಟುತ್ತಿತ್ತು. ಒಣಗಲೆಂದು ಭಾಗ್ಯಮ್ಮನ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಮೇಲೆ ಸಾಲಾಗಿ ಮಲಗಿಸಿದ್ದ ನಾಲ್ಕು ಮೀನುಗಳು ಮುಚ್ಚಳವನ್ನೇ ಕರಗಿಸಿ ಅದರೊಳಗೆ ಇಳಿದುಕೊಂಡವು. ಆ ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಒಂದು ಬಗೆಯ ಎಣ್ಣೆ ಇರುತ್ತದೆ, ಅದು ಬಣ್ಣವನ್ನು ಒಣಗಗೊಡುವುದಿಲ್ಲ, ಗಟ್ಟಿ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ ಎಂದು ಅವನಿಗೆ ಗೊತ್ತಾಗಿದ್ದು ಹಾಗೆ. ಭಾಗ್ಯಮ್ಮ ಆ ಮುಚ್ಚಳವನ್ನು ಮೂರು ದಿನ ಅಡುಗೆಮನೆಯ ಬಾಗಿಲಿಗೆ ಒರಗಿಸಿಟ್ಟು, ಬಂದವರಿಗೆಲ್ಲ ತೋರಿಸಿದಳು.

ಕೊನೆಗೆ ದಾರಿ ತೋರಿಸಿದವನು ಬಸ್ ಸ್ಟ್ಯಾಂಡಿನ ಹತ್ತಿರ ರೆಕ್ಸಿನ್ ಚೀಲಗಳ ಮೇಲೆ ಅಂಗಡಿಯ ಹೆಸರು ಅಚ್ಚು ಹಾಕುವ ಒಬ್ಬ ಹಳೆಯ ಪರಿಚಯದವನು. ಅವನ ಬಣ್ಣ ಮಡಚಿದರೂ ಬಿರಿಯುತ್ತಿರಲಿಲ್ಲ, ಎಳೆದರೂ ಏಳುತ್ತಿರಲಿಲ್ಲ. ರಾಮಾಂಜಿನಪ್ಪ ಮೀನುಗಳನ್ನು ಸೋಪಿನ ನೀರಲ್ಲಿ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಎಣ್ಣೆಯ ಪಸೆ ತೆಗೆದು, ಆ ಬಣ್ಣವನ್ನು ಸ್ಪಂಜಿನ ಚೂರಿನಿಂದ ತಟ್ಟಿ ತಟ್ಟಿ ಕೂರಿಸಿದ. ಹಳೆಯ ಸೊಳ್ಳೆಪರದೆಯ ತುಂಡನ್ನು ಮೀನಿನ ಮೈಗೆ ಬಿಗಿಯಾಗಿ ಸುತ್ತಿ ಮೇಲಿನಿಂದ ಬಣ್ಣ ತಟ್ಟಿದರೆ, ಪರದೆ ತೆಗೆದಾಗ ಸಾಲು ಸಾಲು ಹುರುಪೆ ಮೂಡಿರುತ್ತಿತ್ತು. ಕಣ್ಣಿಗೆ ಗುಂಡುಸೂಜಿಯ ತಲೆ ಅದ್ದಿ ಒಂದು ಹಳದಿ ಚುಕ್ಕೆ, ಅದು ಒಣಗಿದ ಮೇಲೆ ಅದರೊಳಗೆ ಕಪ್ಪು. ಕೆಂಪು ಬಣ್ಣದ ಮೀನನ್ನೂ ಬಿಳಿಯದನ್ನೂ ಒಟ್ಟಿಗೆ ಇಟ್ಟರೆ ಕೆಂಪು ಹರಿದು ಬಿಳಿಗೆ ಹತ್ತುತ್ತದೆಂದು ಒಂದೊಂದನ್ನೂ ಬೇರೆ ಬೇರೆ ಕವರಿನಲ್ಲಿ ಹಾಕುತ್ತಿದ್ದ. ಎಲ್ಲ ಮುಗಿದ ಮೇಲೆ ಕಿವಿರಿನ ಕೆಳಗೆ ಸಣ್ಣದೊಂದು ಆನಂದನೀಲಿ ಗೀಟು. ಬಣ್ಣದ ಮನೆಯಲ್ಲಿ ಒಬ್ಬೊಬ್ಬ ಮೇಸ್ತ್ರಿಯೂ ತನ್ನ ಲಡಿಗೆ ಒಂದು ಗುರುತಿನ ದಾರ ಕಟ್ಟುವ ರೂಢಿ. ಆನಂದನೀಲಿ ರಾಮಾಂಜಿನಪ್ಪನ ದಾರ.

ಮೊದಲ ಮೀನನ್ನು ಅಂಗೈಲಿಟ್ಟುಕೊಂಡು ಭಾನುಪ್ರಕಾಶ್ ಬಾಲ ಅಲ್ಲಾಡಿಸಿ ನೋಡಿದ. ಆಮೇಲೆ ಅದರ ಫೋಟೋ ತೆಗೆದು ತನ್ನ ಗಾಳದ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದ. ಸಾಯಂಕಾಲದೊಳಗೆ ಹೊಸಕೋಟೆಯಿಂದ, ಯಲಹಂಕದಿಂದ, ವೈಟ್‌ಫೀಲ್ಡಿನಿಂದ ಕೇಳಿಕೆ ಬಂದವು. ಮಾಡಿದವರು ಯಾರೆಂದು ಮಾತ್ರ ಹೇಳಕೂಡದೆಂದು ಮಾವ ಅಳಿಯನ ಕೈಲಿ ಆಣೆ ಮಾಡಿಸಿಕೊಂಡ. ಕೆರೆ ಸಮಿತಿಯ ಕಾರ್ಯದರ್ಶಿ ಮೀನು ಹಿಡಿಯುವ ಸಾಮಾನು ಮಾಡುತ್ತಾನೆಂದು ಹೊರಗೆ ಬಂದರೆ ಊರಲ್ಲಿ ತಲೆಯೆತ್ತುವ ಹಾಗಿರಲಿಲ್ಲ.

ತನಗೆ ತಾನು ಸಮಾಧಾನ ಹೇಳಿಕೊಳ್ಳಲು ಅವನಿಗೆ ಕಾರಣಗಳಿದ್ದವು. ನಿಷೇಧ ಇರುವುದು ತೂಬಿನಹಳ್ಳಿ ಕೆರೆಗೆ, ಪ್ರಪಂಚಕ್ಕಲ್ಲ. ತಾನು ಬಣ್ಣ ಹಚ್ಚುವುದು ಪ್ಲಾಸ್ಟಿಕ್ಕಿಗೆ. ಪ್ಲಾಸ್ಟಿಕ್ಕಿಗೆ ಜೀವವಿಲ್ಲ. ಇದನ್ನು ಒಮ್ಮೆ ಭಾಗ್ಯಮ್ಮನ ಮುಂದೆಯೂ ಹೇಳಿ ನೋಡಿದ.

“ಹುಳ ಬೇಯ್ಸಿ ತೆಗೆದ ನೂಲಿಗೆ ಮೂವತ್ತನಾಲ್ಕು ವರ್ಷ ಬಣ್ಣ ಹಾಕಿದ್ರಲ್ಲ” ಎಂದಳು ಅವಳು. “ಅವಾಗ ಬರದೇ ಇದ್ದ ಪಾಪ ಇವಾಗ ಯಾಕೆ ಬರ್ತದೆ? ಮಾಡಿ ಸುಮ್ಕೆ.”

ಅವನು ಬಯಸಿದ್ದ ಉತ್ತರ ಇದೇ ಆದರೂ, ಅವಳು ಹೇಳಿದ ರೀತಿಗೆ ಅರ್ಧ ದಿನ ಮಾತುಬಿಟ್ಟ.

ಜಪಾನಿನವರನ್ನು ಮೀರಿಸಿದ ಮೇಲೆ ಅವನಿಗೆ ದೇವರನ್ನು ಮೀರಿಸುವ ಆಸೆ ಹುಟ್ಟಿತು. ದಿನಾ ಬೆಳಿಗ್ಗೆ ಆರಕ್ಕೆ ಕೊರಳಿಗೆ ಸಮಿತಿಯ ಗುರುತಿನ ಚೀಟಿ ನೇತುಹಾಕಿಕೊಂಡು ಕೆರೆಗೆ ಹೋಗಿ, ತೂಬಿನ ಮೆಟ್ಟಿಲ ಮೇಲೆ ಮೊಣಕಾಲೂರಿ, ನೀರಿಗೆ ಮುಖವಿಟ್ಟು ಮರಿಮೀನುಗಳನ್ನು ನೋಡುತ್ತಿದ್ದ. ಬಿಸಿಲು ಏರಿದಂತೆ ಅವುಗಳ ಬೆನ್ನಿನ ಹಸಿರು ಹೇಗೆ ಹೊಗೆಬಣ್ಣಕ್ಕೆ ತಿರುಗುತ್ತದೆ, ತಿರುಗಿದಾಗ ಪಕ್ಕೆಯಲ್ಲಿ ಯಾವ ಕಡೆ ಮಿಂಚುತ್ತದೆ ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ. ಸಮಿತಿಯ ಅಧ್ಯಕ್ಷ ಅಪ್ಪಯ್ಯಣ್ಣ ಇದನ್ನು ಕಂಡು, ಕಾರ್ಯದರ್ಶಿ ದಿನಾ ನೀರಿನ ಗುಣಮಟ್ಟ ಪರೀಕ್ಷೆ ಮಾಡುತ್ತಿದ್ದಾನೆಂದು ಸಭೆಯಲ್ಲಿ ಹೊಗಳಿದ. ಕೆರೆಯಂಚಿನ ಹೊಸ ಬಡಾವಣೆಯಿಂದ ಸಮಿತಿಗೆ ಬಂದಿದ್ದ ಪ್ರಮೋದಾ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಅವಳಿಗೆ ಕೆರೆಯ ಹಕ್ಕಿಗಳೆಂದರೆ ಪ್ರಾಣ. ಹೆಜ್ಜಾರ್ಲೆಗಳ ಲೆಕ್ಕ ಇಡುತ್ತಿದ್ದಳು. ತನ್ನ ಹೊಗಳಿಕೆಯನ್ನು ರಾಮಾಂಜಿನಪ್ಪ ತನ್ನ ದುಂಡಕ್ಷರದಲ್ಲೇ ನಡಾವಳಿಗೆ ಬರೆದುಕೊಂಡ.

ಇಷ್ಟು ನೋಡಿ ಮಾಡಿದ್ದರಿಂದ ಕೆಲಸ ನಿಧಾನವಾಯಿತು. ದಿನಕ್ಕೆ ಎರಡು ಮೀನು ಮುಗಿದರೆ ಹೆಚ್ಚು. ಅದರಲ್ಲೂ ಒಂದು ಅವನ ಮನಸ್ಸಿಗೆ ಬರುತ್ತಿರಲಿಲ್ಲ. ಹುರುಪೆಯ ಸಾಲು ಎಳೆಯಷ್ಟು ಓರೆಯಾದರೂ ಅದನ್ನು ಬೆಂಚಿನ ಕೆಳಗಿನ ತಗಡಿನ ಡಬ್ಬಕ್ಕೆ ಎಸೆಯುತ್ತಿದ್ದ. ಡಬ್ಬ ತುಂಬಿದಾಗ ಭಾಗ್ಯಮ್ಮ ಅದನ್ನು ಪಂಚಾಯ್ತಿಯ ಕಸದ ಗಾಡಿಗೆ ಸುರಿಯುತ್ತಾಳೆಂದು ಅಂದುಕೊಂಡಿದ್ದ, ಏಕೆಂದರೆ ಡಬ್ಬ ಆಗಾಗ ಖಾಲಿಯಾಗುತ್ತಿತ್ತು.

ಅಳಿಯನಿಂದ ಸುದ್ದಿ ಬರುತ್ತಲೇ ಇತ್ತು. ಮಾವನ ಮೀನಿಗೆ ಹೊಸಕೋಟೆ ಕೆರೆಯಲ್ಲಿ ಎರಡು ಕೊರಮೀನು ಬಿದ್ದವು, ಬೂದಿಗೆರೆ ಕಡೆ ಒಬ್ಬನಿಗೆ ಮೊಣಕೈಯುದ್ದದ್ದು ಸಿಕ್ಕಿತು. ಇದನ್ನೆಲ್ಲ ನನಗೆ ಹೇಳಬೇಡವೆಂದು ರಾಮಾಂಜಿನಪ್ಪ ಕೈ ಅಡ್ಡ ಹಿಡಿಯುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು, ಅವತ್ತು ನೀರು ತಿಳಿಯಿತ್ತೋ ಕದಡಿತ್ತೋ ಎಂದು ಕೇಳುತ್ತಿದ್ದ.

ಹೀಗೆ ಒಂದು ವರ್ಷ ಚೆನ್ನಾಗಿಯೇ ನಡೆಯಿತು.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನ ಇಬ್ಬರು ತೂಬಿನಹಳ್ಳಿ ಕೆರೆಯ ಕೋಡಿಯ ಬಳಿ ಗಾಳ ಹಾಕುತ್ತಿರುವಾಗ ಸಮಿತಿಯವರ ಕೈಗೆ ಸಿಕ್ಕಿಬಿದ್ದರು. ಹತ್ತಿರದಲ್ಲೇ ಬೋರ್ಡಿತ್ತು. ಅದನ್ನು ನೋಡಲಿಲ್ಲವೆಂದು ಹೇಳಿ, ಕ್ಷಮೆ ಕೇಳಿ, ಕಾರು ಹತ್ತಿ ಹೋದರು. ಅವರು ಹಿಡಿದಿದ್ದ ನಾಲ್ಕು ಕಿಲೋ ತೂಗುವ ಕೊರಮೀನೂ ಅದರ ಬಾಯಲ್ಲಿದ್ದ ರಬ್ಬರ್ ಮೀನೂ ಸಮಿತಿಯ ವಶಕ್ಕೆ ಬಂದವು. ಮೀನನ್ನು ಜೀವಸಹಿತ ಕೆರೆಗೆ ಮರಳಿ ಬಿಡಲಾಯಿತೆಂದು ನಡಾವಳಿಯಲ್ಲಿ ಬರೆಯುವಂತೆ ಅಪ್ಪಯ್ಯಣ್ಣ ಹೇಳಿಕಳಿಸಿದ. ಮಧ್ಯಾಹ್ನ ಅಪ್ಪಯ್ಯಣ್ಣನ ಮನೆಯ ಕಡೆಯಿಂದ ಬಂದ ಘಮಘಮದ ಬಗ್ಗೆ ಬರೆಯಲು ಯಾರೂ ಹೇಳಿಕಳಿಸಲಿಲ್ಲ.

ಮರುದಿನ ಹಾಲಿನ ಡೇರಿಯ ಪಕ್ಕದ ಕೊಠಡಿಯಲ್ಲಿ ತುರ್ತು ಸಭೆ ಸೇರಿತು. ಹದಿನಾಲ್ಕು ಜನ ಬಂದಿದ್ದರು. ಮೇಜಿನ ನಡುವೆ ಒಂದು ದಿನಪತ್ರಿಕೆ ಹಾಸಿ ಅದರ ಮೇಲೆ ಸಾಕ್ಷಿಯನ್ನು ಇಟ್ಟಿದ್ದರು. ರಾಮಾಂಜಿನಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಆ ಪತ್ರಿಕೆಯ ಮೇಲಿನ ಹಸಿರನ್ನು ಗುರುತಿಸಿದ. ಏನೂ ಗೊತ್ತಿಲ್ಲದವನಂತೆ ಮೂಲೆಯ ಕುರ್ಚಿಯಲ್ಲಿ ಕೂತು ಪುಸ್ತಕ ಬಿಚ್ಚಿದ.

ಪ್ರಮೋದಾ ಆ ಮೀನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಇಂಥ ಮೋಸಕ್ಕೆ ಕೆರೆಯ ಮೂಕಜೀವಿಗಳು ಬಲಿಯಾಗುತ್ತಿವೆ ಎಂದು ಶುರುಮಾಡಿದವಳು, ಅದನ್ನು ತಿರುಗಿಸಿ ನೋಡುತ್ತ ನೋಡುತ್ತ ಮಾತು ನಿಧಾನ ಮಾಡಿದಳು. ತಾನು ಮೊದಲು ಇದನ್ನು ನಿಜವಾದ ಮೀನೆಂದೇ ತಿಳಿದೆ, ಮಾಡಿದವನು ಪಾಪಿಯೇ ಇರಬಹುದು, ಆದರೆ ದೊಡ್ಡ ಕಲಾವಿದ ಎಂದು ಒಪ್ಪಬೇಕು ಎಂದಳು. ಸುತ್ತ ಕೂತವರು ಹೌದು ಹೌದೆಂದರು. ಮೀನು ಕೈಯಿಂದ ಕೈಗೆ ದಾಟಿತು. ರಾಮಾಂಜಿನಪ್ಪ ತಲೆ ತಗ್ಗಿಸಿ ಬರೆಯುತ್ತಿದ್ದರೂ ಕಿವಿ ಬೆಚ್ಚಗಾಯಿತು. ಅವನ ಬಣ್ಣದ ಕೆಲಸವನ್ನು ಊರವರು ಎದುರಲ್ಲೇ ಹೊಗಳಿದ್ದು ಅದೇ ಮೊದಲು.

ಆಮೇಲೆ ಮೀನು ಅವನ ಕೈಗೆ ಬಂತು.

ನೋಡಿದ. ಅದು ಅವನದಲ್ಲ. ಹುರುಪೆಯ ಸಾಲು ಸೊಟ್ಟಗಿತ್ತು. ಒಂದು ಕಣ್ಣು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಬೆನ್ನಿನ ಹಸಿರು ಪಕ್ಕೆಗೆ ಇಳಿಯುವಲ್ಲಿ ಬೆಂಕಿಕಡ್ಡಿಯಲ್ಲಿ ಗೀಚಿದಂಥ ಗೆರೆ. ಯಾವುದೋ ಕೆಂಪು ಮೀನಿನ ಜೊತೆ ಒಂದೇ ಚೀಲದಲ್ಲಿ ತುರುಕಿದ್ದರಿಂದ ಮುತ್ತಿನಂತಿರಬೇಕಾದ ಹೊಟ್ಟೆಗೆ ಗಾಯದ ಹಾಗೆ ಕೆಂಪು ಹರಿದಿತ್ತು. ಇಷ್ಟಾಗಿಯೂ ಕಿವಿರಿನ ಕೆಳಗೆ, ಅವನ ಜಾಗದಲ್ಲೇ, ಆನಂದನೀಲಿ ಗೀಟು.

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪ್ರಮೋದಾ ಪಕ್ಕದವರಿಗೆ ಆ ಹೊಟ್ಟೆಯ ಕೆಂಪೇ ಎಲ್ಲಕ್ಕಿಂತ ಅದ್ಭುತವೆಂದು ಹೇಳುವುದು ಅವನ ಕಿವಿಗೆ ಬಿತ್ತು.

“ಅದ್ಭುತ ಅಲ್ಲ ಮೇಡಂ, ಅದು ದಡ್ಡತನ” ಎಂದ ರಾಮಾಂಜಿನಪ್ಪ. “ಬೇರೆ ಬಣ್ಣದ ಜೊತೆ ಹಾಕಿ ಕೆಡಿಸವ್ರೆ. ಬಿಳೀದನ್ನ ಬೇರೆ ಕವರಲ್ಲಿ ಇಡ್ಬೇಕು ಅನ್ನೋದೂ ಗೊತ್ತಿಲ್ಲ ಇವ್ನಿಗೆ. ಈ ಹುರುಪೆ ನೋಡಿ, ಸೊಳ್ಳೆಪರದೆನ ಅಡ್ಡಡ್ಡ ಸುತ್ತವ್ನೆ. ಈ ಕಣ್ಣು ಒಂದು ಕಣ್ಣಾ? ಇದನ್ನ ಚೆನ್ನಾಗಿದೆ ಅಂದ್ರೆ ಚೆನ್ನಾಗಿರೋದನ್ನ ಏನಂತೀರ?”

ಅಪ್ಪಯ್ಯಣ್ಣ ಕನ್ನಡಕ ತೆಗೆದ.

“ಇದೆಲ್ಲಾ ನಿಂಗೆ ಹೆಂಗಪ್ಪಾ ಗೊತ್ತು?”

“ನನ್ನ ಗುರುತು ಕಣಣ್ಣಾ ಇದು. ಈ ನೀಲಿ ಗೀಟು ಹಾಕೋನು ನಾನು. ಯಾವನೋ ನನ್ನ ಗುರುತು ಕದ್ದವ್ನೆ.”

ಹೇಳಿ ಮುಗಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೆ ತಿಳಿಯಿತು. ಹದಿನಾಲ್ಕು ಜೊತೆ ಕಣ್ಣು ತನ್ನ ಮೇಲಿದ್ದವು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ, ಹೆಸರಾದರೂ ಉಳಿಯಲಿ ಎಂದುಕೊಂಡ. ತನ್ನ ಮೀನಿಗೆ ಸ್ಪಿರಿಟ್ಟಿನ ವಾಸನೆ ಬಿಟ್ಟು ಬೇರೆ ವಾಸನೆಯೇ ಇರುವುದಿಲ್ಲ, ಬೇಕಾದರೆ ನೋಡಿ ಎಂದು ಅದನ್ನು ಮೂಗಿಗೆ ಹಿಡಿದ.

ಬೆಳ್ಳುಳ್ಳಿ. ಸುಟ್ಟ ಈರುಳ್ಳಿ. ಧನಿಯ, ಜೊತೆಗೆ ಚಿಟಿಕೆ ಮೆಂತ್ಯ. ಊರಲ್ಲಿ ಮೀನಿನ ಮಸಾಲೆಗೆ ಮೆಂತ್ಯ ಹುರಿದು ಹಾಕುವುದು ಒಂದೇ ಮನೆಯಲ್ಲಿ. ಹನ್ನೊಂದು ವರ್ಷದಿಂದ ಅವನನ್ನು ಕೆರೆ ಏರಿಗೆ ಅಟ್ಟುತ್ತಿದ್ದ ವಾಸನೆ ಅದು.

ಕಾರ್ಯದರ್ಶಿ ಮೀನನ್ನು ಮೆಲ್ಲಗೆ ಪತ್ರಿಕೆಯ ಮೇಲಿಟ್ಟ. ತನಗೆ ತಲೆ ಸುತ್ತುತ್ತಿದೆ, ರಾಜೀನಾಮೆಯನ್ನು ನಾಳೆ ಬರೆದು ಕೊಡುತ್ತೇನೆ ಎಂದು ಹೇಳಿ, ಚಪ್ಪಲಿ ಮೆಟ್ಟಿ ಹೊರಟ.

ಭಾಗ್ಯಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅವನು ಕೇಳಿದ. ಅವಳು ಇಲ್ಲವೆನ್ನಲಿಲ್ಲ.

“ನೀವು ಎಸೀತಿದ್ರಿ, ನಾನು ಎತ್ಕೊಂಡೆ” ಎಂದಳು, ಕಾಯಿಯಿಂದ ಕಣ್ಣೆತ್ತದೆ. “ಭಾನು ಪಾಪ, ಎಲ್ರಿಗೂ ಕೊಡ್ತೀನಿ ಅಂತ ಒಪ್ಕೊಂಡು ಅಳೋ ಹಂಗೆ ಕೂತಿದ್ದ. ನೀವು ದಿನಕ್ಕೊಂದು ಮಾಡ್ಕೊಂಡು ಕೂತ್ರೆ ಆಯ್ತದಾ? ನೀವು ಕೆರೆಗೆ ಹೋದಾಗ ಕಡ್ಡೀಲಿ ಒಂಚೂರು ತಿದ್ದಿ ಕೊಡ್ತಿದ್ದೆ.”

“ಮಸಾಲೆ ಯಾಕೆ ಮೆತ್ತಿದೆ?”

“ಮಸಾಲೆ ಇಲ್ದೆ ಮೀನು ನಮಗೇ ಇಳಿಯಲ್ಲ. ಮೀನಿಗೆ ಹೆಂಗೆ ಇಳೀತದೆ?”

ಅವನು ಗುರುತು ಹಾಕಿದ್ದೇಕೆಂದು ಕೇಳಿದ. ಗುರುತಿಲ್ಲದಿದ್ದರೆ ಭಾನುವಿನ ಗೆಳೆಯರು ತೆಗೆದುಕೊಳ್ಳುವುದಿಲ್ಲವಂತೆ, ಅಲ್ಲದೆ ಗಂಡನ ಹೆಸರು ಹಾಕಿಕೊಳ್ಳುವುದರಲ್ಲಿ ಕಳ್ಳತನ ಏನು ಬಂತು ಎಂದು ಅವಳು ತಿರುಗಿ ಕೇಳಿದಳು.

ಫೋನ್ ಮಾಡಿ ಅಳಿಯನನ್ನು ಕರೆಸಿದ. ಭಾನುಪ್ರಕಾಶ್ ಡ್ಯೂಟಿ ಮುಗಿಸಿ ನೇರ ಬಂದವನು, ಅತ್ತೆಯ ಮುಖ, ಮಾವನ ಮುಖ ನೋಡಿ, ವಿಷಯ ಹೊರಬಿದ್ದಿದೆಯೆಂದು ಅರಿತು ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತ. ಮಾವ ಒಂದೇ ಪ್ರಶ್ನೆ ಕೇಳಿದ. ಹೊಸಕೋಟೆಯಲ್ಲಿ, ಬೂದಿಗೆರೆಯಲ್ಲಿ ಬಿದ್ದ ಮೀನುಗಳು ಯಾರ ಕೈಯ ಕೆಲಸಕ್ಕೆ ಬಿದ್ದವು?

ಅಳಿಯ ಬಹಳ ಹೊತ್ತು ಹೆಲ್ಮೆಟ್ಟಿನ ಗಾಜು ಒರೆಸಿದ.

“ನಿಮ್ಮದನ್ನ ಯಾರೂ ನೀರಿಗೆ ಹಾಕಲ್ಲ ಮಾವ” ಎಂದ ಕೊನೆಗೆ.

ಆಮೇಲೆ ಉಳಿದದ್ದೂ ಹೊರಗೆ ಬಂತು. ಅಷ್ಟು ಚೆನ್ನಾಗಿರುವುದನ್ನು ಜೊಂಡಿಗೆ ಸಿಕ್ಕಿಸಿ ಕಳೆದುಕೊಳ್ಳಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲವಂತೆ. ಯಲಹಂಕದವನು ಕಾರಿನ ಕನ್ನಡಿಗೆ ನೇತುಹಾಕಿದ್ದಾನೆ. ವೈಟ್‌ಫೀಲ್ಡಿನವನು ಶೋಕೇಸಿನಲ್ಲಿ ತನ್ನ ಕ್ರಿಕೆಟ್ ಕಪ್ಪುಗಳ ಪಕ್ಕ ಇಟ್ಟಿದ್ದಾನೆ. ಒಬ್ಬ ಗಾಜಿನ ಚೌಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ಹೊಡೆಸಿದ್ದಾನೆ. ಮೊದಮೊದಲು ಒಂದಿಬ್ಬರು ಎಸೆದು ನೋಡಿದರು, ಏನೂ ಕಚ್ಚಲಿಲ್ಲ. ಅತ್ತೆಯದಾದರೆ ಗಾಯಗೊಂಡ ಮೀನಿನ ಹಾಗೆ ಕಾಣುತ್ತದೆ, ವಾಸನೆಯೂ ಇರುತ್ತದೆ, ನೀರಿಗೆ ಬಿದ್ದ ಮೂರನೇ ಎಸೆತಕ್ಕೆ ಹಿಡಿಯುತ್ತದೆ. ಆ ಗುಂಪಿನಲ್ಲಿ ಅತ್ತೆಯದಕ್ಕೆ ‘ಕೆಲಸದ್ದು’ ಎಂದೂ ಮಾವನದಕ್ಕೆ ‘ಇಡೋದು’ ಎಂದೂ ಹೆಸರು ಬಿದ್ದು ವರ್ಷವಾಗುತ್ತ ಬಂದಿತ್ತು.

ಮಾವನ ಮುಖ ನೋಡಿ ಭಾನುಪ್ರಕಾಶ್‌ಗೆ ಕರುಣೆ ಬಂತು. ಸಮಾಧಾನಕ್ಕೆಂದು, “ಒಂದು ಲೆಕ್ಕದಲ್ಲಿ ಒಳ್ಳೇದೇ ಅಲ್ವಾ ಮಾವ? ನಿಮ್ಮ ಕೈಯಿಂದ ಇವತ್ತಿನವರೆಗೂ ಒಂದು ಮೀನೂ ಸತ್ತಿಲ್ಲ” ಎಂದ.

ಅದು ನಿಜವಾಗಿತ್ತು. ಶಿವಗಂಗೆಯ ದೇವರ ಮುಂದೆ ರಾಮಾಂಜಿನಪ್ಪ ನಿರಾಳವಾಗಿ ಹೋಗಿ ನಿಲ್ಲಬಹುದಾಗಿತ್ತು. ಒಂದು ವರ್ಷದಿಂದ ಒಳಗೊಳಗೇ ಹೊತ್ತಿದ್ದ ಪಾಪವೆಲ್ಲ ಒಂದೇ ಮಾತಿಗೆ ಇಳಿದುಹೋಗಿತ್ತು. ಅವನಿಗೆ ಅವತ್ತು ಊಟ ಸೇರಲಿಲ್ಲ.

ರಾಜೀನಾಮೆ ಪತ್ರವನ್ನು ಮುಂದಿನ ಸಭೆಯಲ್ಲಿ ಓದಲಾಯಿತು. ಪ್ರಮೋದಾ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಅಪ್ಪಯ್ಯಣ್ಣ, ಕಾರ್ಯದರ್ಶಿಯ ಕೆಲಸ ಯಾರು ವಹಿಸಿಕೊಳ್ಳುತ್ತೀರೆಂದು ಕೇಳಿದ. ಒಬ್ಬನಿಗೆ ಕೈನೋವು, ಒಬ್ಬನಿಗೆ ಹಸು ಈಯುವ ಹೊತ್ತು, ಒಬ್ಬ ಕೇಳಿಸದವನಂತೆ ಫೋನ್ ತೆಗೆದ. ಅಪ್ಪಯ್ಯಣ್ಣ ಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡು, ರಾಜೀನಾಮೆಯನ್ನು ಸರ್ವಾನುಮತದಿಂದ ತಿರಸ್ಕರಿಸಲಾಗಿದೆ ಎಂದು ಬರೆದುಕೋ ಎಂದ. ರಾಮಾಂಜಿನಪ್ಪ ಬರೆದುಕೊಂಡ.

ಎರಡು ದಿನ ಬಿಟ್ಟು ಅಪ್ಪಯ್ಯಣ್ಣ ಮನೆಗೇ ಬಂದ. ಕಾಫಿ ಕುಡಿದ, ರಾಗಿ ಕಣದ ಮಾತಾಡಿದ, ಅವರೆಕಾಯಿಯ ಮಾತಾಡಿದ. ಎದ್ದು ನಿಂತ ಮೇಲೆ, ಹೊಸಕೋಟೆ ಕಡೆ ಇರುವ ತನ್ನ ಭಾವಮೈದನಿಗೆ ಗಾಳದ ಹುಚ್ಚೆಂದೂ, ಅವನಿಗೊಂದು ರಬ್ಬರ್ ಮೀನು ಬೇಕಿತ್ತೆಂದೂ ದನಿ ತಗ್ಗಿಸಿ ಹೇಳಿದ. ರಾಮಾಂಜಿನಪ್ಪ ಒಳಗೆ ಹೋಗಿ ತನ್ನದರಲ್ಲಿ ಬಹಳ ಚೆಂದದ್ದನ್ನು ಆರಿಸಿ ತಂದು ಅಂಗೈಯಲ್ಲಿಟ್ಟ. ಅಪ್ಪಯ್ಯಣ್ಣ ಅದನ್ನು ನೋಡಿ ತಲೆದೂಗಿ, ವಾಪಸು ಕೊಟ್ಟ.

“ಇದಲ್ಲಪ್ಪಾ” ಎಂದ. “ಅವತ್ತು ಮೇಜಿನ ಮೇಲಿತ್ತಲ್ಲ, ಆ ಥರದ್ದು.”

ಭಾಗ್ಯಮ್ಮ ಅಡುಗೆಮನೆಯಿಂದ ಎರಡು ತಂದುಕೊಟ್ಟಳು.

ಅವತ್ತೇ ರಾಮಾಂಜಿನಪ್ಪ ಅಳಿಯನಿಗೆ ಫೋನ್ ಮಾಡಿ, ಮುಂದಿನ ಭಾನುವಾರ ತಾನೂ ಬರುತ್ತೇನೆಂದು ಹೇಳಿದ. ಎಲ್ಲಿಗೆ ಎಂದು ಭಾನುಪ್ರಕಾಶ್ ಕೇಳಿದ್ದಕ್ಕೆ, ನೀನು ಎಲ್ಲಿಗೆ ಹೋಗುತ್ತೀಯೋ ಅಲ್ಲಿಗೆ ಎಂದ.

ಆವತಿ ದಾಟಿ ಎಡಕ್ಕೆ ತಿರುಗಿದರೆ ಒಂದು ಸಣ್ಣ ಕೆರೆ. ಬೆಳಗಿನ ಮಂಜು ಇನ್ನೂ ನೀರಿನ ಮೇಲಿತ್ತು. ಬೈಕಿನ ಹಿಂದೆ ಕೂತು ಬಂದ ರಾಮಾಂಜಿನಪ್ಪ ಮಫ್ಲರ್ ಬಿಚ್ಚಿ, ಜೇಬಿನಿಂದ ಒಂದು ಕವರು ತೆಗೆದ. ಅದರೊಳಗಿನ ಮೀನಿಗೆ ಅವನು ಐದು ದಿನ ತೆಗೆದುಕೊಂಡಿದ್ದ. ಭಾನುಪ್ರಕಾಶ್ ಕೊಕ್ಕೆ ಸಿಕ್ಕಿಸಲು ಹೋದಾಗ ತಡೆದ. ಕೊಕ್ಕೆ ಬೇಡ, ದಾರಕ್ಕೆ ಬರೀ ಮೀನನ್ನು ಕಟ್ಟು ಎಂದ. ಕೊಕ್ಕೆ ಇಲ್ಲದೆ ಹಿಡಿಯುವುದು ಹೇಗೆಂದು ಅಳಿಯ ಕೇಳಿದ. ಹಿಡಿಯುವುದು ಬೇಕಿಲ್ಲ, ಕಚ್ಚಿದರೆ ಸಾಕು ಎಂದು ಮಾವ ಹೇಳಿದ.

ಎಸೆಯುವುದನ್ನು ಕಲಿಯಲು ಅರ್ಧ ಗಂಟೆ ಹಿಡಿಯಿತು. ಒಮ್ಮೆ ದಾರ ಅವನ ಮಫ್ಲರಿಗೇ ಸುತ್ತಿಕೊಂಡಿತು. ಆಮೇಲೆ ಕೈ ಪಳಗಿತು. ಎಸೆದ, ಸುತ್ತಿದ. ಎಸೆದ, ಸುತ್ತಿದ. ಬಿಸಿಲು ಏರಿತು. ಪಕ್ಕದಲ್ಲಿ ಭಾನುಪ್ರಕಾಶ್ ಅತ್ತೆಯ ಮೀನು ಕಟ್ಟಿ ಎರಡು ಕೊರಮೀನು ತೆಗೆದಿದ್ದ. ಮಾವನಿಗೆ ಕಾಣದಿರಲೆಂದು ಅವನ್ನು ಬೈಕಿನ ಹಿಂದೆ ಇಟ್ಟಿದ್ದ. ರಾಮಾಂಜಿನಪ್ಪನ ಭುಜ ನೋಯುತ್ತಿತ್ತು. ಹೋಗೋಣವೇ ಎಂದು ಅಳಿಯ ಎರಡು ಸಲ ಕೇಳಿದ. ಮಾವ ಇನ್ನೊಂದು ಸಲ ಎಸೆದ, ಜೊಂಡಿನ ಅಂಚಿಗೆ.

ಸುತ್ತುತ್ತಿರುವಾಗ ದಾರ ಒಮ್ಮೆ ಗಕ್ಕನೆ ನಿಂತಿತು. ಕೋಲಿನ ತುದಿ ಬಾಗಿತು. ಒಂದು ಉಸಿರೆಳೆಯುವಷ್ಟು ಹೊತ್ತು ಯಾರೋ ಆ ಕಡೆಯಿಂದ ಕೈ ಹಿಡಿದು ಎಳೆದ ಹಾಗಾಯಿತು. ಆಮೇಲೆ ಸಡಿಲವಾಯಿತು.

ದಡಕ್ಕೆ ಬಂದ ರಬ್ಬರ್ ಮೀನಿನ ಬಾಲದ ಹತ್ತಿರ ಅಕ್ಕಿ ಕಾಳಿನಷ್ಟು ಬಣ್ಣ ಕಿತ್ತುಹೋಗಿತ್ತು. ಭಾನುಪ್ರಕಾಶ್ ಅದನ್ನು ನೋಡಿ, ಕಲ್ಲಿಗೆ ತಾಗಿರಬೇಕು, ಇಲ್ಲವೇ ಜೊಂಡಿಗೆ ಎಂದ. ರಾಮಾಂಜಿನಪ್ಪ ವಾದ ಮಾಡಲಿಲ್ಲ. ಆ ಮೀನನ್ನು ಕವರಿಗೆ ಹಾಕಿ, ಕವರನ್ನು ಒಳಜೇಬಿಗೆ ಹಾಕಿ, ಮೇಲಿನಿಂದ ಕೈಯಿಟ್ಟುಕೊಂಡು ಬೈಕು ಹತ್ತಿದ.

ಮನೆಗೆ ಬಂದಾಗ ಭಾಗ್ಯಮ್ಮ ಹಿತ್ತಲಲ್ಲಿ ಒರಳಿನ ಮುಂದೆ ಕೂತಿದ್ದಳು. ಅವನು ಎಂದೂ ಹಿತ್ತಲಿಗೆ ಹೋಗದವನು ಅವತ್ತು ನೇರ ಅಲ್ಲಿಗೇ ಹೋಗಿ ನಿಂತ.

“ಕಚ್ತು ಕಣೇ” ಎಂದ.

ಅವಳು ರುಬ್ಬುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಮೀನು ಎಲ್ಲಿ ಎಂದು ಕೇಳಲಿಲ್ಲ. ಕಣ್ಣಾರೆ ಕಂಡಿರಾ ಎಂದೂ ಕೇಳಲಿಲ್ಲ.

“ಎಷ್ಟು ದೊಡ್ಡದಿತ್ತು?” ಎಂದಳು.

ರಾಮಾಂಜಿನಪ್ಪ ಎರಡೂ ಕೈಗಳನ್ನು ಎದುರಿಗೆ ಚಾಚಿ ತೋರಿಸಿದ. ತನ್ನ ಕೈಗಳ ನಡುವಿನ ಜಾಗವನ್ನು ತಾನೇ ಒಮ್ಮೆ ನೋಡಿಕೊಂಡು, ಇನ್ನೊಂದು ಗೇಣು ಅಗಲ ಮಾಡಿದ. ಭಾಗ್ಯಮ್ಮ ಎದ್ದು ಬಂದು, ಮಸಾಲೆ ಮೆತ್ತಿದ್ದ ಬೆರಳುಗಳಿಂದ ಅವನ ಎರಡು ಕೈಗಳನ್ನೂ ಹಿಡಿದು, ಸ್ವಲ್ಪ, ಸ್ವಲ್ಪವೇ, ಹತ್ತಿರಕ್ಕೆ ತಂದಳು.